ರೊಟ್ಟಿಗೆ ಹಾರಿಹೋದ ಕ್ರೌಂಚಗಳು

ಯುದ್ಧದ ಕಾಲ. ಬೆಂಗಳೂರಿನಲ್ಲಿ ಫಿಲಂ ಸಿಗುವುದೇ ದುರ್ಲಭ. ಕಾಡಿ ಬೇಡಿ ಸಂಪಾದಿಸಿದ ಒಂದೇ ಸುರುಳಿ ನನ್ನ ಡಬ್ಬಿ ಕ್ಯಾಮೆರಾದಲ್ಲಿತ್ತು. ಎಂಟು ಚಿತ್ರ, ಅಷ್ಟೇ. ಅದರಲ್ಲಿ ಒಂದಾದರೂ ಕ್ರೌಂಚಗಳದ್ದು ಬರಬೇಕೆಂಬುದು ನನ್ನ ಹಟ. ಚಳಿಗಾಲಕ್ಕೆ ಎಲ್ಲಿಂದಲೋ ಬಂದು ತೂಬಗೆರೆ ಕಡೆಯ ಒಂದು ಕೆರೆಯಂಗಳದಲ್ಲಿ ಇಳಿಯುವ ಆ ಉದ್ದಗಾಲಿನ ಬೂದು ಹಕ್ಕಿಗಳನ್ನು ಊರವರು ಕೊಕ್ಕರೆ ಎಂದೇ ಕರೆಯುತ್ತಿದ್ದರು. ತಿದ್ದಿ ತಿದ್ದಿ ಸಾಕಾಗಿ ಬಿಟ್ಟಿದ್ದೆ.

ಕೆರೆಗೆ ತಾಗಿದ ಹೊಲವೊಂದರ ಬದುವಿನ ಮೇಲೆ ಕೂತು ನಾಲ್ಕು ಬೆಳಗು ಕಾದೆ. ಮಾಕಳಿದುರ್ಗದ ನೆತ್ತಿಗೆ ಬಿಸಿಲು ಬಿದ್ದರೂ ಕೆರೆ ಮಾತ್ರ ಮಂಜು ಹೊದ್ದು ಮಲಗಿರುತ್ತಿತ್ತು. ತಾಳ್ಮೆ ಕೆಟ್ಟು ಏಳು ಚಿತ್ರಗಳನ್ನು ಆ ಮಂಜಿಗೇ ಸುರಿದೆ. ಥೂ, ನನ್ನ ಬುದ್ಧಿಗಿಷ್ಟು!

ಐದನೆಯ ದಿನ ಮಂಜು ಹರಿಯಿತು. ಎಳೆಬಿಸಿಲು ಓರೆಯಾಗಿ ಬಿದ್ದು ಒಂದೊಂದು ಗರಿಯೂ ಕಂಡಿತು. ಹಕ್ಕಿಗಳು ಮೇಯುತ್ತಾ ಹತ್ತಿರ ಬಂದವು. ಇನ್ನು ಹತ್ತು ಹೆಜ್ಜೆ ಬರಲಿ ಎಂದು ಉಸಿರು ಬಿಗಿಹಿಡಿದೆ. ಆಗಲೇ ಹೊಲದೊಡತಿ ಮುದುಕಿ ಕುಕ್ಕೆ ಹೊತ್ತು ನೇರ ಕ್ಯಾಮೆರಾದ ಮುಂದೆಯೇ ಬರಬೇಕೆ?

"ಏನಪ್ಪಾ, ಐದು ದಿನದಿಂದ ನಮ್ ಬದಿನ್ ಮೇಲೆ ಬರೀ ಹೊಟ್ಟೇಲಿ ಕೂತಿದ್ದೀಯ. ನೋಡ್ದೋರು ಏನಂದಾರು? ತಗೋ, ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ."

ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ಗಾಬರಿಯಲ್ಲಿ ಕ್ಯಾಮೆರಾ ಟಕ್ ಎನ್ನಿಸಿಬಿಟ್ಟೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. "ನಿಮ್ಮ ರೊಟ್ಟಿ ಯಾರು ಕೇಳಿದ್ದರು?" ಎಂದು ಕೂಗಾಡಿದೆ. ಆಕೆ ರೊಟ್ಟಿಯನ್ನು ಬದುವಿನ ಮೇಲಿಟ್ಟು ಹೋದರು. ಸಿಟ್ಟಿನಲ್ಲೇ ಅದನ್ನು ತಿಂದೆ, ಹಸಿವಿತ್ತು.

ಫಿಲಂ ತೊಳೆಸಿ ಪಟ ಮಾಡಿಸಿದಾಗ ಏಳರಲ್ಲೂ ಮಂಜು. ಎಂಟನೆಯದರಲ್ಲಿ ಹಕ್ಕಿಯ ಸುಳಿವಿಲ್ಲ, ಕುಕ್ಕೆ ಹೊತ್ತ ಮುದುಕಿ, ಮುಖದ ಸುಕ್ಕು ಎಣಿಸುವಷ್ಟು ಸ್ಪಷ್ಟವಾಗಿ. ಮೈಯೆಲ್ಲ ಉರಿದು ಆ ಪಟವನ್ನು ಹರಿದೆ, ನೆಗೆಟಿವನ್ನೂ ಒಲೆಗೆ ಹಾಕಿದೆ.

ಮರುವರ್ಷ ಫಿಲಂ ಸಿಗಲೇ ಇಲ್ಲ. ಕ್ಯಾಮೆರಾದ ಗಾಜಿನಲ್ಲಿ ನೋಡಿಯಾದರೂ ಬರೋಣವೆಂದು ಖಾಲಿ ಡಬ್ಬಿ ಹಿಡಿದು ಹೋದೆ. ಮೊದಲ ದಿನವೇ ಬಂಗಾರದಂಥ ಬಿಸಿಲು, ಹಕ್ಕಿಗಳು ಕೈಗೆ ಸಿಗುವಷ್ಟು ಹತ್ತಿರ. ಅಳುವಂತಾಯಿತು. ಮುದುಕಿ ಬಳಸುದಾರಿಯಲ್ಲಿ ಸದ್ದಿಲ್ಲದೆ ಬಂದು ನನ್ನ ಹಿಂದೆ ಕೂತರು. ಈ ಸಲ ಕುಕ್ಕೆ ಇಲ್ಲ. ಮದುವೆಮನೆಗೆ ಉಡುವಂಥ ಸೀರೆ ಉಟ್ಟಿದ್ದರು.

"ಹೋದ್ ವರ್ಷ ಟಕ್ ಅಂತಲ್ಲಪ್ಪಾ, ಪಟದಲ್ಲಿ ನಾನು ಬಿದ್ದಿದ್ದೀನಾ?" ಪಿಸುಗುಟ್ಟಿದರು. "ಊರೋರ್ಗೆಲ್ಲ ಹೇಳ್ಕೊಂಡಿದ್ದೀನಿ."

"ಹಾಳಾಯ್ತು ಅಜ್ಜಿ," ಎಂದೆ.

"ಹೋಗ್ಲಿ ಬಿಡು. ನಿನ್ ಕೊಕ್ಕರೆ ಆದ್ಮೇಲೆ ನಂದೊಂದು ತೆಗಿ."

ಫಿಲಂ ಇಲ್ಲವೆನ್ನಲು ಬಾಯಿ ಬರಲಿಲ್ಲ. ಅವರು ಮೆಲ್ಲಗೆ ಮುಂದೆ ಹೋಗಿ, ನೆರಿಗೆ ಸರಿಮಾಡಿಕೊಂಡು ಬಿಸಿಲಿಗೆ ಮುಖಮಾಡಿ ನಿಂತರು. ಹಿಂದೆ ಹಕ್ಕಿಗಳು ಹೆದರದೆ ಮೇಯುತ್ತಲೇ ಇದ್ದವು. ಖಾಲಿ ಕ್ಯಾಮೆರಾ ಎತ್ತಿ ಟಕ್ ಎನ್ನಿಸಿದೆ.