ಪರದೇಸಿ ಹೂವಿಗಾಗಿ ಕಸಬರಿಗೆ ಕೆಳಗಿಟ್ಟ ಹೊಳಿಯಮ್ಮ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಇರಕಲ್ಲಗಡದಾಚೆ, ಕಲ್ಲುಗುಡ್ಡದ ಬುಡದಲ್ಲಿರುವ ಗಾಳೆಮ್ಮನ ಬನಕ್ಕೆ ಹೊಳಿಯಮ್ಮ ಬರುತ್ತಾರೆ. ಚಪ್ಪಲಿ ಹೊರಗೆ ಬಿಡುತ್ತಾರೆ. ಗುಡಿಯ ಗೋಡೆಗೆ ಒರಗಿಸಿಟ್ಟ ಕಸಬರಿಗೆಯತ್ತ ಕೈ ತಾನಾಗಿಯೇ ಹೋಗಿ ಅರ್ಧಕ್ಕೆ ನಿಲ್ಲುತ್ತದೆ. ದೇವಿಯ ಮುಂದಿನ ಕಟ್ಟೆಯನ್ನಷ್ಟೇ ಒರೆಸಿ, ದೊಡ್ಡ ಹುಣಸೆ ಮರದ ಕೆಳಗೆ ಬಂದು ಕುಕ್ಕರಗಾಲಲ್ಲಿ ಕೂರುತ್ತಾರೆ. ಸುತ್ತ ಎಲೆಯೋ ಎಲೆ. ಕೊಳೆತದ್ದು, ಒಣಗಿದ್ದು, ನಿನ್ನೆಯ ಗಾಳಿಗೆ ಉದುರಿದ್ದು. ಗುಡಿಸುವುದೇ ಕೆಲಸವಾದ ಹೆಂಗಸು ಕಸದ ನಡುವೆ ಸುಮ್ಮನೆ ಕೂತರೆ ನೋಡಿದವರಿಗೆ ಏನನ್ನಿಸಬೇಕು ಹೇಳಿ! ಮೈಗಳ್ಳತನ ಅಂತಲೇ ಊರಿನ ಅರ್ಧ ಮಂದಿ ಅಂದುಕೊಂಡಿದ್ದಾರೆ.

"ಗುಡಸೋದು ಏನೂ ತ್ರಾಸಿಲ್ಲರಿ. ಗುಡಸದ ಕುಂದ್ರೋದ ಭಾಳ ತ್ರಾಸು," ಎನ್ನುತ್ತಾರೆ ಅವರು. "ಕಣ್ಣಮುಂದ ಕಸ ಬಿದ್ದಿರತೈತಿ, ಕೈ ಕಟ್ಟಿಗೊಂಡು ಕುಂತಿರತೀನಿ. ಜೀವಾ ಒಳಗ ಚಡಪಡಸತೈತ್ರಿ."

ಅವರು ಕಾಯುತ್ತಿರುವುದು ಒಂದು ಹೂವಿಗಾಗಿ. ಅದು ಈ ಮಳೆಗಾಲ ಮುಗಿಯುವುದರೊಳಗೆ ಹುಣಸೆ ಬುಡದಲ್ಲಿ ಏಳಬೇಕು. ಏಳದಿದ್ದರೆ ಬನದ ನೆಲಕ್ಕೆಲ್ಲ ಫರಸಿ ಕಲ್ಲು ಹಾಸುತ್ತಾರೆ. ಕಲ್ಲನ್ನು ಆಗಲೇ ತಂದು ಬಾಗಿಲ ಪಕ್ಕ ಒಟ್ಟಿದ್ದಾರೆ.

ಹೊಳಿಯಮ್ಮನ ತವರು ತಾವರಗೇರಾದ ಕಡೆ. ತವರು ಅನ್ನುವುದು ಬಾಯಿಮಾತಿಗಷ್ಟೆ. ಚಿಕ್ಕಂದಿನಲ್ಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡು, ಅವರಿವರ ಮನೆಯಲ್ಲಿ ಉಂಡು ಬೆಳೆದ ಹುಡುಗಿ. ಅವಳನ್ನು ಸೊಸೆಯಾಗಿ ತಂದುಕೊಂಡವರು ಹುಲಿಗೆಮ್ಮ. ಬನ ಗುಡಿಸುವ ಸೇವೆ ಈ ಮನೆತನದ್ದು. ಸುಗ್ಗಿಯಲ್ಲಿ ಮನೆ ಮನೆಯಿಂದ ಬರುವ ಜೋಳದ ಆಯವೇ ಅದಕ್ಕೆ ಸಂಬಳ. ಮದುವೆಯಾಗಿ ಬಂದ ಮೊದಲ ಮಳೆಗಾಲದಲ್ಲೇ ಅತ್ತೆ ಸೊಸೆಯ ಕೈಹಿಡಿದು ಹುಣಸೆ ಬುಡಕ್ಕೆ ಕರೆತಂದು ತೋರಿಸಿದ್ದರು. ಬೆರಳುದ್ದದ ಕಂದು ದಂಟು, ತುದಿಯಲ್ಲಿ ತಲೆತಗ್ಗಿಸಿದ ಮಾಸಲು ಬಿಳಿ ಹೂವು. ಮೈಮೇಲೆ ಹಸಿರಿನ ಸುಳಿವೇ ಇಲ್ಲ.

"ಇದಕ್ಕ ಎಲಿ ಇಲ್ಲ, ಹಸರ ಇಲ್ಲ, ಹಿಂದಿಲ್ಲ ಮುಂದಿಲ್ಲ. ಪರದೇಸಿ ಐತಿ, ನಿನ್ನಂಗ. ತುಳೀಬ್ಯಾಡ ಯವ್ವಾ, ಅಂದ್ಲರಿ ನಮ್ಮತ್ತಿ," ಎಂದು ನೆನೆಯುವಾಗ ಹೊಳಿಯಮ್ಮನ ದನಿ ಇಳಿಯುತ್ತದೆ. "ಪರದೇಸಿ ಅಂತ ಎಲ್ಲಾರೂ ಅಂದಿದ್ರು. ಆಕಿ ಅಂದದ್ದ ಒಂದಕ್ಕ ನಂಗ ಸಿಟ್ಟ ಬರಲಿಲ್ಲ."

ಹುಲಿಗೆಮ್ಮನದು ಸೊಂಟನೋವಿನ ಮೈ. ಗುಡಿಸಿದ್ದೇ ಗುಡಿಸಿದ್ದು, ಅರ್ಧ ಎಲೆ ಅಲ್ಲೇ ಉಳಿಯುತ್ತಿತ್ತು. ಸೊಸೆಯ ಕೈಗೆ ಕಸಬರಿಗೆ ಬಂದಿದ್ದೇ ಬಂದಿದ್ದು, ಬನದ ಕಳೆಯೇ ಬದಲಾಯಿತು. ಕುಷ್ಟಗಿ, ಯಲಬುರ್ಗಾ ಕಡೆಯಿಂದ ಬಂದ ಭಕ್ತರೂ ನೆಲ ನೋಡಿ, ಅನ್ನ ಚೆಲ್ಲಿದರೆ ಆರಿಸಿಕೊಂಡು ಉಣ್ಣಬಹುದು ಎನ್ನುತ್ತಿದ್ದರು. ಗಾಳೆಮ್ಮನ ಬನದ ಎಲೆಯನ್ನು ಸುಡುವಂತಿಲ್ಲ, ಒಲೆಗೆ ಹಾಕುವಂತಿಲ್ಲ, ಹೊಲಕ್ಕೆ ಒಯ್ಯುವಂತಿಲ್ಲ, ಅದು ಇಲ್ಲಿನ ಕಟ್ಟಳೆ. ಹಾಗಾಗಿ ಗುಡಿಸಿದ್ದನ್ನೆಲ್ಲ ಪುಟ್ಟಿ ತುಂಬಿ ಗುಡಿಯ ಹಿಂದಿನ ತಗ್ಗಿಗೆ ಚೆಲ್ಲಿ ಬರುತ್ತಿದ್ದರು.

ನೆಲ ಹೊಳೆಯಿತು, ಹೂವು ಕಡಿಮೆಯಾಯಿತು. ಒಂದು ಮಳೆಗಾಲ ಒಂದೇ ದಂಟು ಎದ್ದಿತು. ಅದರ ಮುಂದಿನ ಮಳೆಗಾಲ ಅದೂ ಇಲ್ಲ. ದೇವಿ ಮುನಿದಿದ್ದಾಳೆ ಅಂದುಕೊಂಡರು ಹೊಳಿಯಮ್ಮ. ಮುನಿದ ದೇವಿಯನ್ನು ಒಲಿಸುವುದು ಹೇಗೆ? ಗೊತ್ತಿದ್ದ ದಾರಿ ಒಂದೇ, ಇನ್ನಷ್ಟು ಚೊಕ್ಕಟವಾಗಿ ಗುಡಿಸುವುದು. ಪಾಪ, ಅದನ್ನೇ ಮಾಡಿದರು.

ಕೊಪ್ಪಳದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುವ ದಾನೇಶ್ವರಿ ಬನದ ಮರಗಳನ್ನು ನೋಡಲು ಬಂದಾಗ, ಹೊಳಿಯಮ್ಮ ಹೂವಿನ ಸುದ್ದಿ ತೆಗೆದರು. ದಾನೇಶ್ವರಿ ನೆಲಕ್ಕೆ ಕೂತು ಬಿಡಿಸಿ ಹೇಳಿದರು. ಬೇರೆ ಗಿಡಗಳು ಹಸಿರೆಲೆಯಲ್ಲಿ ಬಿಸಿಲು ಹಿಡಿದು ತಮ್ಮ ಅಡುಗೆ ತಾವೇ ಮಾಡಿಕೊಳ್ಳುತ್ತವೆ. ಸೀತಾಳೆ, ಅಂದರೆ ಆರ್ಕಿಡ್ ಜಾತಿಯ ಈ ಹೂವಿಗೆ ಹಸಿರೂ ಇಲ್ಲ, ಒಲೆಯೂ ಇಲ್ಲ. ಕೊಳೆತ ಎಲೆಯಲ್ಲಿ ಅಣಬೆಯ ಬಳಗದ ಶಿಲೀಂಧ್ರವೊಂದು ಬೆಳೆಯುತ್ತದೆ. ಅದರ ನೂಲಿನಂಥ ಎಳೆಗಳು ನೆಲದೊಳಗೆ ಹರಡಿ ಹೂವಿನ ಬೇರನ್ನು ಸೇರುತ್ತವೆ. ಹೂವಿನ ಅನ್ನವೆಲ್ಲ ಅಲ್ಲಿಂದಲೇ. ಅದರ ಬೀಜ ಧೂಳಿನಷ್ಟು ಸಣ್ಣದು, ಒಳಗೆ ಬುತ್ತಿ ಇರುವುದಿಲ್ಲ, ಆ ಎಳೆ ಸಿಗದೆ ಮೊಳೆಯುವುದೂ ಇಲ್ಲ.

"ಯಮ್ಮಾ, ಇದು ಪರದೇಸಿ ಅಲ್ಲ. ನೆಲದಾಗ ಇದಕ್ಕ ಉಣಸೋರು ಇರ್ತಾರ," ಎಂದು ದಾನೇಶ್ವರಿ ಗೋಡೆಯ ಮೂಲೆಯಲ್ಲಿ ಉಳಿದಿದ್ದ ಕೊಳೆತ ಎಲೆಯೊಂದನ್ನು ಮಗುಚಿ ತೋರಿಸಿದರು. ಕೆಳಗೆ ತೆಳ್ಳನೆಯ ಬಿಳಿ ಎಳೆಗಳಿದ್ದವು.

"ಅಂದ್ರ, ಉಣಸೋರನ್ನ ನಾನ ಗುಡಿಸಿ ಚೆಲ್ಲೀನೇನ್ರಿ?" ಎಂದು ಕೇಳಿದರು ಹೊಳಿಯಮ್ಮ. ಆವತ್ತು ಮನೆಗೆ ಹೋದವರು ರೊಟ್ಟಿ ಮುರಿಯಲಿಲ್ಲ. ಮರುದಿನದಿಂದ ಕಸಬರಿಗೆ ಗೋಡೆ ಹಿಡಿಯಿತು.

ಊರು ಸುಮ್ಮನಿರುತ್ತದೆಯೇ? ಬಸ್ ನಿಲ್ದಾಣದ ಚಹಾದಂಗಡಿ ಕಾಸೀಮಸಾಬ, "ಏನವ್ವಾ ಹೊಳಿಯಮ್ಮಾ, ಗಾಳೆಮ್ಮ ನಿಂಗ ರಜಾ ಕೊಟ್ಟಾಳೇನು?" ಎಂದು ಕಾಡಿಸುತ್ತಾನೆ. ಆಯ ನಿಲ್ಲಿಸಿ ಎಂದವರೂ ಇದ್ದಾರೆ. ಬನದ ಹಿರಿಯ ಅಂದಪ್ಪನವರ ಮಾತನ್ನಂತೂ ತಳ್ಳಿಹಾಕುವಂತಿಲ್ಲ. ಎಲೆಯಡಿ ಅಡಗಿದ್ದ ಚೇಳು ಅವರ ಮೊಮ್ಮಗಳಿಗೇ ಕಡಿದಿದೆ. "ಹೂವಿನ ಸಲುವಾಗಿ ಮಕ್ಕಳ ಜೀವಕ್ಕ ಕುತ್ತು ತರಾಕಾಗತೈತೇನು?" ಎನ್ನುತ್ತಾರೆ ಅವರು. "ಈ ಮಳಿಗಾಲ ನೋಡೂಣು. ಹೂ ಬಂದ್ರ ಹುಣಸಿ ಬುಡ ಬಿಡೂಣು. ಬರಲಿಲ್ಲ ಅಂದ್ರ ಫರಸಿ."

ಮನೆಯಲ್ಲಿ ಹುಲಿಗೆಮ್ಮನಿಗೆ ಈಗ ಕಣ್ಣು ಕಾಣುವುದಿಲ್ಲ. ಮಳೆಯ ಸಪ್ಪಳ ಕೇಳಿದರೆ ಸಾಕು, "ಬಂತೇನ ಯವ್ವಾ?" ಎನ್ನುತ್ತಾರೆ. ಬಂತು ಅಂದುಬಿಟ್ಟರೆ ಮುದುಕಿಗೆ ನೆಮ್ಮದಿ, ಕೇಳುವವರು ಯಾರು? "ಕಣ್ಣಿಲ್ಲದಾಕಿಗೆ ಸುಳ್ಳ ಹೇಳಿ, ನಾ ಯಾವ ಬಾಯಿಲೆ ಉಣ್ಣಲಿ?" ಎನ್ನುತ್ತಾರೆ ಸೊಸೆ. "ಇನ್ನೂ ಇಲ್ಲ ಅತ್ತಿ, ಅಂತೀನಿ. ಸುಮ್ಮ ಮಕ್ಕೋತಾಳ."

ಮಳೆ ಬಂತು, ಹೋಯಿತು. ಹುಣಸೆ ಬುಡದಲ್ಲಿ ಏನೂ ಏಳಲಿಲ್ಲ.

ಕಲ್ಲು ಹಾಸುವ ಗೌಂಡಿಗಳು ದಾರ ಹಿಡಿದು ಅಳತೆಗೆ ಬಂದ ಬೆಳಿಗ್ಗೆ, ನೋಡಲಾರದೆ ಹೊಳಿಯಮ್ಮ ಗುಡಿಯ ಹಿಂದಕ್ಕೆ ಹೋದರು. ಗುಡಿಸುವುದು ಬಿಟ್ಟ ಮೇಲೆ ಆ ಕಡೆ ಕಾಲಿಟ್ಟಿರಲೇ ಇಲ್ಲ. ಎಲೆ ಚೆಲ್ಲುವ ತಗ್ಗು. ವರ್ಷಾನುಗಟ್ಟಲೆಯ ಎಲೆ ಕೊಳೆತು ಕಪ್ಪು ಮಣ್ಣಾಗಿತ್ತು. ಅದರ ಅಂಚಿನಲ್ಲಿ ಕಂದು ದಂಟುಗಳು ನಿಂತಿದ್ದವು. ಒಂದಲ್ಲ, ಎರಡಲ್ಲ, ಒಂದು ಗುಂಪೇ! ಎಲ್ಲವೂ ತಲೆತಗ್ಗಿಸಿದ ಬಿಳಿ ಹೂವು ಹೊತ್ತಿದ್ದವು. ಹೊಳಿಯಮ್ಮ ಅಲ್ಲೇ ಕೂತು ಅತ್ತರು.

ಸುದ್ದಿ ಕೇಳಿ ದಾನೇಶ್ವರಿ ಕೊಪ್ಪಳದ ಬಸ್ಸಿಗೆ ಬಂದಿಳಿದರು. ಗುಡಿಸಿದ ಕಸದ ಜೊತೆ ಬೀಜವೂ ಇಲ್ಲಿ ಬಿದ್ದಿರಬಹುದು, ತೇವ ಹಿಡಿದ ಎಲೆಯಲ್ಲಿ ಆ ಬಿಳಿ ಎಳೆಗಳು ಬದುಕಿರಬಹುದು, ಖಾತ್ರಿಯಾಗಿ ಹೇಳಲಾರೆ ಎಂದರು.

ಅಂದಪ್ಪನವರೂ ನೋಡಿದರು, ಕೈಮುಗಿದರು. ಆಮೇಲೆ, "ಹೂ ಹೊರಗ ಬಂತಲ್ಲವಾ. ಇನ್ನ ಒಳಗ ಫರಸಿ ಹಾಕಿದ್ರ ಏನ ತೊಂದ್ರಿ?" ಅಂದರು.

ಹಿರಿಯರ ಮುಂದೆ ಸೆರಗು ಹೊದ್ದು ನಿಲ್ಲುವ ಹೆಂಗಸು ಆವತ್ತು ಮಾತಾಡಿದರು. "ಯಜಮಾನ್ರ, ಬುಡಾ ಮುಚ್ಚಿದ್ರ ಹುಣಸಿಮರ ನೀರ ಹೆಂಗ ಕುಡೀಬೇಕ್ರಿ? ಮರ ಒಣಗಿದ್ರ ಎಲಿ ಎಲ್ಲಿಂದ ತರಲಿ? ಎಲಿ ಇಲ್ಲಂದ್ರ ಇದು ಏನ ಉಣ್ಣಬೇಕು?"

ಅಂದಪ್ಪ ಒಮ್ಮೆ ಮರ ನೋಡಿ ಗೌಂಡಿಗಳಿಗೆ, ಬಾಗಿಲಿನಿಂದ ಗುಡಿಯವರೆಗಿನ ದಾರಿಗಷ್ಟೇ ಕಲ್ಲು ಹಾಕಲು ಹೇಳಿದರು. "ಆದ್ರ ನೀ ಮತ್ತ ಗುಡಸಬೇಕು ನೋಡವಾ. ಚೇಳಿನ ಕಾಟ ಐತಿ."

"ಗುಡಸ್ತೀನ್ರಿ," ಅಂದರು ಹೊಳಿಯಮ್ಮ.

ಸಂಜೆಯೊಳಗೆ ಅತ್ತೆಯನ್ನು ಕೈಹಿಡಿದು ಕರೆತಂದರು. ಹುಲಿಗೆಮ್ಮ ಬೆರಳಿನಿಂದ ದಂಟನ್ನು ಬುಡದಿಂದ ತುದಿಯವರೆಗೆ ಸವರಿದರು. "ಎಲಿ ಇಲ್ಲ. ಇದ ಅದು," ಅಂದರು. ಆಮೇಲೆ ಸುತ್ತ ತಡಕಾಡಿ, "ಇದು ಹುಣಸಿ ಬುಡ ಅಲ್ಲಲ್ಲ?" ಎಂದು ಕೇಳಿದರು.

"ಅಲ್ಲ ಅತ್ತಿ. ನಾ ಕಸಾ ಚೆಲ್ಲತಿದ್ದ ತಗ್ಗು."

ಮುದುಕಿ ಸೊಸೆಯ ಕೈ ಹುಡುಕಿ ಹಿಡಿದುಕೊಂಡರು. "ಹಂಗಾರ ಇಷ್ಟ ದಿನಾ ಇದಕ್ಕ ಉಣಿಸಿದಾಕಿ ನೀನ ಯವ್ವಾ."

ಈಗ ಹೊಳಿಯಮ್ಮನ ಕೈಯಲ್ಲಿ ಮತ್ತೆ ಕಸಬರಿಗೆ ಇದೆ. ಬೆಳಗಾಗುತ್ತಲೇ ಗುಡಿಸಿ, ಪುಟ್ಟಿ ತುಂಬಿ ತಗ್ಗಿನ ಅಂಚಿಗೆ ಒಯ್ಯುತ್ತಾರೆ. ಮೊದಲಿನಂತೆ ಸುರಿದು ಬರುವುದಿಲ್ಲ. ಬಾಗಿ, ಹಿಡಿ ಹಿಡಿಯಾಗಿ, ಬಡಿಸಿದ ಹಾಗೆ ಇಡುತ್ತಾರೆ. ದೇವಿಯ ಹತ್ತಿರ ಏನು ಬೇಡಿಕೊಳ್ಳುತ್ತೀರಿ ಎಂದರೆ, ಹುಣಸೆ ಮರದತ್ತ ತಲೆಯೆತ್ತಿ ನೋಡುತ್ತಾರೆ.

"ಎಲಿ ಉದರತಿರಲಿ ಅಂತೀನ್ರಿ. ಅಷ್ಟ ಸಾಕು."