ನಮ್ಮತ್ತೆ ಮತ್ತು ‘ಸಿಸ್ಟಮ್ ಎರಡು’

ಕಂಪ್ಯೂಟರಿನ ಮುಂದೆ ಕೂತು ಟೈಪ್ ಮಾಡುವಾಗ ನಮ್ಮತ್ತೆಯ ಎಡಗೈ ಪ್ರತಿ ಸಾಲಿನ ಕೊನೆಗೂ ಗಾಳಿಯಲ್ಲಿ ಮೇಲೆದ್ದು ಬಲಕ್ಕೊಮ್ಮೆ ತಳ್ಳುತ್ತಿತ್ತು. ತಳ್ಳಲು ಅಲ್ಲಿ ಏನೂ ಇರುತ್ತಿರಲಿಲ್ಲ. ಮೂವತ್ತು ವರ್ಷಕ್ಕೂ ಮೇಲೆ ಸರ್ಕಾರಿ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದವರ ಕೈ ಅದು. ಟೈಪ್‌ರೈಟರಿನ ಹಿಡಿಯನ್ನು ತಳ್ಳಿ ತಳ್ಳಿ ಅಭ್ಯಾಸವಾಗಿ, ಟೈಪ್‌ರೈಟರ್ ಹೋದ ಮೇಲೂ ತಳ್ಳುವುದನ್ನು ಬಿಟ್ಟಿರಲಿಲ್ಲ. ಕೀಬೋರ್ಡನ್ನು ಅವರು ಒತ್ತುತ್ತಿರಲಿಲ್ಲ, ಬಡಿಯುತ್ತಿದ್ದರು. ಅಡುಗೆಮನೆಯಲ್ಲಿದ್ದ ನನಗೆ ಒಗ್ಗರಣೆಯ ಚಟಪಟಕ್ಕಿಂತ ಅದೇ ಜೋರಾಗಿ ಕೇಳುತ್ತಿತ್ತು. “ಅತ್ತೆ, ಮೆತ್ತಗೆ ಒತ್ತಿದ್ರೂ ಅಕ್ಷರ ಬೀಳುತ್ತೆ” ಎಂದರೆ, “ಮೆತ್ತಗೆ ಒತ್ತಿದ್ರೆ ಕಾರ್ಬನ್ ಕಾಪಿ ಬರಲ್ಲ ಕಣೇ” ಎಂದು ಹೇಳಿ ತಾವೇ ನಗುತ್ತಿದ್ದರು.

ಹಣೆಗೆ ವಿಭೂತಿ, ಸೆರಗಿಗೊಂದು ಪಿನ್ನು, ಕನ್ನಡಕಕ್ಕೆ ಕಪ್ಪು ದಾರ. ಮನೆಯಲ್ಲಿ ಅವರದು ಒಂದೇ ಕಾನೂನು. ತೆಗೆದದ್ದನ್ನು ಇದ್ದ ಹಾಗೇ ಇಡಬೇಕು. ಕತ್ತರಿ ಅದರ ಮೊಳೆಗೇ ಹೋಗಬೇಕು, ಓದಿದ ಪೇಪರು ಬಂದಾಗ ಇದ್ದ ಮಡಿಕೆಯಲ್ಲೇ ಕೂರಬೇಕು. “ಆಫೀಸಲ್ಲಿ ಒಂದು ಫೈಲು ಜಾಗ ಬಿಟ್ಟು ಕೂತ್ರೆ ಯಾರದೋ ಪಿಂಚಣಿ ನಿಂತೋಗುತ್ತೆ ಗೊತ್ತಾ?” ಎಂದು ಗದರುತ್ತಿದ್ದರು. ನಮ್ಮ ಮನೆಯ ಕತ್ತರಿಗೂ ಯಾರ ಪಿಂಚಣಿಗೂ ಏನು ಸಂಬಂಧವೋ, ಆ ಶಿವನೇ ಬಲ್ಲ.

ತೊಂಬತ್ತರ ದಶಕದ ಕೊನೆಗೆ ಮದುವೆಯಾಗಿ ಸಿದ್ಧಾರ್ಥನಗರದ ಆ ಮನೆಗೆ ಬಂದ ಹೊಸದರಲ್ಲಿ ನನಗೆ ಈ ಶಿಸ್ತು ಉಸಿರುಗಟ್ಟಿಸುತ್ತಿತ್ತು. ಅದಕ್ಕಿಂತ ಹೆಚ್ಚು ಸಿಟ್ಟು ತರಿಸಿದ್ದು ಸಕ್ಕರೆ ಡಬ್ಬಿ. ಬೆಳಗಿನ ಕಾಫಿ ಆದ ಮೇಲೆ ಅತ್ತೆ ಡಬ್ಬಿಯ ಸಕ್ಕರೆಯನ್ನು ಸಮ ಮಾಡಿ, ಅದರ ಮೇಲೆ ಚಮಚದ ತುದಿಯಿಂದ ಅಡ್ಡಡ್ಡ ಒಂದು ಗೆರೆ ಎಳೆದು ಮುಚ್ಚಳ ಹಾಕುತ್ತಿದ್ದರು. ಸಂಜೆ ತೆರೆದು, ಗೆರೆ ಹಾಗೇ ಇದೆಯೋ ಇಲ್ಲವೋ ಎಂದು ಬಗ್ಗಿ ನೋಡುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಮನೆಗೆ ಬಂದ ಸೊಸೆ ಸಕ್ಕರೆ ಕದ್ದು ಮುಕ್ಕುತ್ತಾಳೆ ಅಂದುಕೊಂಡಿದ್ದಾರಲ್ಲ! ಕೇಳುವ ಧೈರ್ಯ ಮಾತ್ರ ಇರಲಿಲ್ಲ.

ಕೆಲವು ವರ್ಷದ ಮೇಲೆ ನಮ್ಮನೆ ಹಾಲಿಗೆ ಕಂಪ್ಯೂಟರ್ ಬಂತು. ಆ ಹೊತ್ತಿಗೆ ನಿವೃತ್ತರಾಗಿದ್ದ ಅತ್ತೆ ಮಾರನೆಯ ವಾರವೇ ಹತ್ತಿರದ ಕಂಪ್ಯೂಟರ್ ಕ್ಲಾಸಿಗೆ ಸೇರಿಬಿಟ್ಟರು. ಕಾಲೇಜು ಹುಡುಗಿಯರ ನಡುವೆ ಕೂತು, ಮೇಷ್ಟ್ರು ಹೇಳಿದ್ದನ್ನೆಲ್ಲ ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಕನ್ನಡದಲ್ಲೇ ಬರೆದುಕೊಂಡು ಬರುತ್ತಿದ್ದರು. ಮೂರು ತಿಂಗಳಿಗೆಲ್ಲ ಬೀದಿಯ ಹೆಂಗಸರ ಅರ್ಜಿ, ಪತ್ರ ಎಲ್ಲ ನಮ್ಮ ಹಾಲಿನಲ್ಲೇ ಟೈಪ್ ಆಗತೊಡಗಿದವು.

ನಾನೂ ಟೈಪ್ ಮಾಡುತ್ತಿದ್ದೆ. ಆದರೆ ಯಾರಿಗೂ ಗೊತ್ತಾಗದಂತೆ. ಮಧ್ಯಾಹ್ನ ಮಾವ ನಿದ್ದೆ ಹೋಗಿ, ಅತ್ತೆ ಮಹಿಳಾ ಸಮಾಜಕ್ಕೆ ಹೋದ ಮೇಲೆ ಕಥೆ ಬರೆಯಲು ಕೂರುತ್ತಿದ್ದೆ. ಮೊದಮೊದಲು ಮುಚ್ಚುಮರೆ ಇರಲಿಲ್ಲ. ಒಂದು ದಿನ ನನ್ನ ಗಂಡ ಒಂದು ಪುಟವನ್ನು ಊಟದ ಹೊತ್ತಿಗೆ ನಾಟಕದ ದನಿ ಮಾಡಿ ಓದಿ ಎಲ್ಲರನ್ನೂ ನಗಿಸಿದರು. ಇವರಿಗೆ ಅದು ತಮಾಷೆ. ನಾನು ಅರ್ಧ ಊಟಕ್ಕೇ ಎದ್ದು ಕೈ ತೊಳೆದೆ. ಮಾರನೆಯ ದಿನವೇ ಕಥೆಗಳನ್ನೆಲ್ಲ ಒಂದು ಫೋಲ್ಡರಿಗೆ ಹಾಕಿ, ಕಂಪ್ಯೂಟರ್ ತನ್ನ ಸ್ವಂತ ಸಾಮಾನು ಬಚ್ಚಿಟ್ಟುಕೊಂಡಿರುತ್ತದಲ್ಲ, ಅದರ ಪಕ್ಕದಲ್ಲೇ ಇಟ್ಟು, ಕಣ್ಣಿಗೆ ಬೀಳದಂತೆ ಮರೆಮಾಡಿದೆ. ಯಾರಾದರೂ ಕಂಡರೂ ಮುಟ್ಟದಿರಲಿ ಎಂದು ‘ಸಿಸ್ಟಮ್ ಎರಡು’ ಎಂದು ಹೆಸರಿಟ್ಟೆ.

ಅದನ್ನು ಮತ್ತೆ ನೋಡಬೇಕಾದರೆ ಪ್ರತಿ ಸಲ ಒಂದು ಪೂಜೆಯೇ ಆಗಬೇಕು. ಟೂಲ್ಸ್, ಫೋಲ್ಡರ್ ಆಪ್ಷನ್ಸ್, ವ್ಯೂ. ಮರೆಯಲ್ಲಿರುವುದನ್ನು ತೋರಿಸು ಎನ್ನುವ ಕಡೆ ಚುಕ್ಕಿ ಇಡಬೇಕು. ಅಷ್ಟೇ ಸಾಕಾಗಿತ್ತಂತೆ. ನನಗದು ಗೊತ್ತಿರಲಿಲ್ಲ. ಕೆಳಗಿದ್ದ ಇನ್ನೊಂದು ಗುರುತನ್ನೂ ತೆಗೆದುಬಿಡುತ್ತಿದ್ದೆ. ಆಗ ಕಂಪ್ಯೂಟರ್, ಇವು ನನ್ನ ಮುಖ್ಯ ಫೈಲುಗಳು, ನಿಜವಾಗಿಯೂ ತೋರಿಸಲೇ ಎಂದು ಕೇಳುತ್ತಿತ್ತು. ಬಾಗಿಲ ಕಡೆ ಒಮ್ಮೆ ನೋಡಿ ಯೆಸ್ ಒತ್ತುತ್ತಿದ್ದೆ. ಮಂಕು ಬಣ್ಣದ ಫೈಲು, ಫೋಲ್ಡರುಗಳು ಸಾಲಾಗಿ ಎದ್ದು ಬರುತ್ತಿದ್ದವು. ನಡುವೆ ನನ್ನದೂ ಒಂದು. ಕೆಲಸ ಮುಗಿದ ಮೇಲೆ ಎರಡನ್ನೂ ಮೊದಲಿನ ಹಾಗೆ ಮಾಡಬೇಕು.

ಮೂರು ವರ್ಷದಲ್ಲಿ ಒಂಬತ್ತು ಕಥೆಗಳಾದವು. ಪ್ರಿಂಟರ್ ಇರಲಿಲ್ಲ, ಇನ್ನೊಂದು ಪ್ರತಿಯೂ ಇರಲಿಲ್ಲ. ಒಂಬತ್ತರಲ್ಲಿ ಒಂದು, ಸಕ್ಕರೆಯ ಮೇಲೆ ಗೆರೆ ಎಳೆಯುವ ಅತ್ತೆಯ ಕಥೆ. ಗಾಳಿಯಲ್ಲಿ ತಳ್ಳುವ ಎಡಗೈಯನ್ನೂ ಬಿಟ್ಟಿರಲಿಲ್ಲ. ಹೊಟ್ಟೆಯಲ್ಲಿದ್ದ ಕಿಚ್ಚೆಲ್ಲ ಅದರಲ್ಲಿತ್ತು.

ಒಂದು ಸಲ ಅತ್ತೆ ಶ್ರೀರಾಂಪುರದ ತಂಗಿಯ ಮನೆಗೆ ಹೋಗಿ ನಾಲ್ಕು ದಿನ ಇದ್ದರು. ಆ ದಿನಗಳಲ್ಲೇ ನಾನು ಕಥೆ ಬರೆದು, ಮರೆಮಾಡಲು ಮರೆತು ಎದ್ದುಹೋದೆ. ಸಂಜೆ ಇವರು ಹಾಡು ತುಂಬಿಸಲು ಕೂತವರು, “ಇದೇನಿದು, ಮಾಸಲು ಮಾಸಲಾಗಿ ಕಸ ತುಂಬ್ಕೊಂಡಿದೆ” ಎಂದು ಆ ಮಂಕು ಫೈಲುಗಳನ್ನು ಅಳಿಸಿಬಿಟ್ಟರು! ಫೋಲ್ಡರುಗಳ ಸರದಿ ಬರುವಷ್ಟರಲ್ಲಿ ನಾನು ಕಾಫಿಗೆ ಕೂಗಿದ್ದೆ. ನನ್ನ ಜನ್ಮದಲ್ಲಿ ಸರಿಯಾದ ಹೊತ್ತಿಗೆ ಮಾಡಿದ ಕಾಫಿ ಅದೊಂದೇ ಇರಬೇಕು. ಮಾರನೆಯ ಬೆಳಿಗ್ಗೆ ಕಂಪ್ಯೂಟರ್ ಏಳಲಿಲ್ಲ. ಕಪ್ಪು ಪರದೆಯ ಮೇಲೆ ಬಿಳಿಯ ಒಂದು ಸಾಲು ಮಾತ್ರ.

ಅತ್ತೆ ಶ್ರೀರಾಂಪುರದಿಂದ ವಾಪಸು ಬಂದ ದಿನವೇ ಉದಯಗಿರಿಯಿಂದ ರಿಪೇರಿಯವರು ಬಂದರು. ನಮ್ಮ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಬಿಚ್ಚಿ, ತಾವು ತಂದಿದ್ದ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿದರು. “ಸಾರ್, ಪೂರ್ತಿ ಫಾರ್ಮ್ಯಾಟ್ ಮಾಡ್ಬೇಕು. ಒಳಗಿರೋದೆಲ್ಲ ಹೋಗುತ್ತೆ. ಏನೇನು ಬೇಕೋ ಈಗ್ಲೇ ಹೇಳ್ಬುಡಿ, ಸೀಡಿಗೆ ಹಾಕ್ಕೊಡ್ತೀನಿ” ಎಂದರು.

ಇವರು ಹಾಡುಗಳನ್ನು ತೋರಿಸಿದರು. ಮಾವ ಬಡಾವಣೆ ಸಂಘದ ಪತ್ರಗಳನ್ನು ನೆನಪಿಸಿದರು. ಫೋಟೋಗಳಾದವು. ನಾನು ಬಾಗಿಲಿಗೊರಗಿ ಪರದೆ ನೋಡುತ್ತಿದ್ದೆ. ಅವರ ಕಂಪ್ಯೂಟರಿನಲ್ಲಿ ಮರೆಯಲ್ಲಿರುವುದು ಮರೆಯಲ್ಲೇ ಇತ್ತು. ‘ಸಿಸ್ಟಮ್ ಎರಡು’ ಕಾಣಿಸಲೇ ಇಲ್ಲ. ಬಾಯಿ ಬಿಟ್ಟರೆ ಅದೇನು ಎಂದು ಎಲ್ಲರೆದುರಿಗೇ ತೆರೆಯುತ್ತಾರೆ. ಇವರು ಮತ್ತೆ ನಾಟಕದ ದನಿ ತೆಗೆಯುತ್ತಾರೆ, ಅದೂ ಅತ್ತೆಯ ಕಥೆಯನ್ನು, ಅತ್ತೆಯ ಮುಂದೆ! ಸುಮ್ಮನಿದ್ದರೆ ಮೂರು ವರ್ಷ ಮಣ್ಣುಪಾಲು.

“ಅಷ್ಟೇನಾ? ಶುರು ಮಾಡ್ಲಾ?” ಎಂದರು ರಿಪೇರಿಯವರು.

“ತಡಿಯಪ್ಪ” ಎಂದರು ಬೆತ್ತದ ಕುರ್ಚಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ. “ಇನ್ನೊಂದಿದೆ. ಟೂಲ್ಸಿಗೆ ಹೋಗು. ಫೋಲ್ಡರ್ ಆಪ್ಷನ್ಸ್. ವ್ಯೂ. ಹಾಂ, ಮರೇಲಿರೋದನ್ನ ತೋರಿಸು ಅನ್ನು. ಅಲ್ಲಿ ಸಿಸ್ಟಮ್ ಎರಡು ಅಂತ ಇದೆ ನೋಡು. ಅದನ್ನ ಬೇರೆ ಸೀಡಿಗೆ ಹಾಕು.”

ನಾನು ಅಡುಗೆಮನೆಯ ಬಾಗಿಲಿನ ಒಳಕ್ಕೆ ಸರಿದು ಇಣುಕಿದೆ.

“ಅದೇನಮ್ಮ ಅದು? ತೆಗೀರಿ, ನೋಡೋಣ” ಎಂದು ಇವರು ಮುಂದೆ ಬಾಗಿದರು.

“ನಂದು ಕಣೋ. ನನ್ನ ಸ್ವಂತ ಕಾಗದ ಪತ್ರ. ನೀನು ಅಳಿಸಿರೋದು ಸಾಲದಾ? ಮುಟ್ಟಬೇಡ ಅದನ್ನ” ಎಂದರು ಅತ್ತೆ. ಅವರೆಕಾಯಿಯ ಮೇಲಿಂದ ಕಣ್ಣು ಕೂಡ ಎತ್ತಲಿಲ್ಲ.

ಸೀಡಿ ಹೊರಬಂತು. ಅತ್ತೆ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಅಡುಗೆಮನೆಗೆ ಬಂದು ನನ್ನ ಕೈಯಲ್ಲಿಟ್ಟರು. ನಾನು ಒಲೆಯ ಕಟ್ಟೆಗೆ ಒರಗಿಕೊಂಡು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಅಬ್ಬಾ, ಎಂಥ ಸಮಾಧಾನದ ಅಳು ಅದು! ಆಮೇಲೆ ನೆನಪಾಗಿ ಅಳು ನಿಂತೇಹೋಯಿತು.

“ಓದಿದ್ರಾ ಅತ್ತೆ?”

“ಟೈಪಿಸ್ಟ್ ಕಣೇ ನಾನು. ಕಣ್ಮುಂದೆ ಹಾಳೆ ಇದ್ರೆ ಓದದೆ ಇರಕ್ಕಾಗುತ್ತಾ? ಎರಡು ವರ್ಷದಿಂದ ಓದ್ತಿದೀನಿ.”

“ಆ ಸಕ್ಕರೆ ಕಥೆ...”

“ಚೆನ್ನಾಗಿದೆ ಬುಡು. ಆದ್ರೆ ಅಲ್ಲೊಂದು ತಪ್ಪಿದೆ.” ಬಾಗಿಲಿನಿಂದ ಹಾಲಿನ ಕಡೆ ಇಣುಕಿ, ದನಿ ಇಳಿಸಿದರು. “ಗೆರೆ ಎಳೀತಿದ್ದಿದ್ದು ನಿನಗಲ್ಲ ಕಣೇ, ನಿಮ್ಮ ಮಾವಂಗೆ. ಸಕ್ಕರೆ ಕಾಯಿಲೆ ಇಟ್ಕೊಂಡು ಕದ್ದು ಕದ್ದು ಬಾಯಿಗೆ ಹಾಕ್ಕೊತಾರೆ. ಹೊಸ ಸೊಸೆ ಮುಂದೆ ಅವರ ಮಾನ ಯಾಕೆ ತೆಗೀಲಿ ಅಂತ ಸುಮ್ನಿದ್ದೆ.”

ಏಳು ವರ್ಷ ನಾನು ಹೊಟ್ಟೆಯಲ್ಲಿಟ್ಟುಕೊಂಡು ಬೆಂದದ್ದು, ಪಾಪ, ಮಾವನ ನಾಲಿಗೆ ಚಪಲಕ್ಕೆ! ಹಾಲಿನಲ್ಲಿ ಅವರು ಏನೂ ಅರಿಯದವರಂತೆ ಪೇಪರು ಓದುತ್ತಿದ್ದರು. ಅತ್ತೆಗೂ ನನಗೂ ನಗು ತಡೆಯಲಾಗಲಿಲ್ಲ.

ಕಥೆಯನ್ನು ತಿದ್ದುತ್ತೇನೆ ಎಂದೆ. ಬೇಡವೇ ಬೇಡ ಎಂದರು. “ಅತ್ತೆ ಕೆಟ್ಟೋಳಾಗೇ ಇರ್ಲಿ, ಮಾವನ ಮರ್ಯಾದೆ ಉಳಿಯುತ್ತೆ. ನನಗೇನಾಗ್ಬೇಕು? ಕಳಿಸು ಮೊದಲು.” ತಾವೇ ಸೀಡಿ ಹಿಡಿದುಕೊಂಡು ಹೋಗಿ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಲಕೋಟೆಗೆ ವಿಳಾಸ ಬರೆದರು. ವಾರಪತ್ರಿಕೆಯೊಂದರಲ್ಲಿ ಅದು ಅಚ್ಚಾದ ದಿನ ಬೀದಿಯ ಮನೆಮನೆಗೂ ಹೋಗಿ, “ಇದರಲ್ಲಿರೋ ಗಯ್ಯಾಳಿ ನಾನೇ ಕಣ್ರೀ” ಎಂದು ತೋರಿಸಿಕೊಂಡು ಬಂದರು. ಇವರು ಎರಡು ಸಲ ಓದಿ, ನಾಟಕದ ದನಿ ಮಾಡದೆ ಪತ್ರಿಕೆ ಮಡಿಸಿಟ್ಟರು. ಅಲ್ಲಿಂದ ನಾನು ಏನನ್ನೂ ಬಚ್ಚಿಟ್ಟು ಬರೆದಿಲ್ಲ.

ಅದಾಗಿ ಮೂರನೆಯ ವರ್ಷ ಅತ್ತೆ ಹೋದರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ತಿಂಗಳು ಕಳೆದ ಮೇಲೆ ಬೀರು ಜೋಡಿಸುವಾಗ ಸೀರೆಗಳ ಕೆಳಗೆ ಕಂಪ್ಯೂಟರ್ ಕ್ಲಾಸಿನ ನೋಟುಬುಕ್ಕು ಸಿಕ್ಕಿತು. ಒಂದು ಪುಟದ ತಲೆಗೆ ‘ಮರೆಯಲ್ಲಿರುವ ಫೋಲ್ಡರ್ ನೋಡುವ ಬಗೆ’ ಎಂದು ಬರೆದು ಕೆಂಪು ಗೆರೆ ಎಳೆದಿದ್ದರು. ಕೆಳಗೆ ಒಂದರಿಂದ ಆರರವರೆಗೆ, ಏನನ್ನು ಒತ್ತಬೇಕು, ಮತ್ತೆ ಹೇಗೆ ಮುಚ್ಚಬೇಕು ಎನ್ನುವುದೆಲ್ಲ ದುಂಡಗಿನ ಅಕ್ಷರದಲ್ಲಿ ಇತ್ತು. ಅದರ ಕೆಳಗೆ, ಪೆನ್ಸಿಲ್ಲಿನಲ್ಲಿ, ಕ್ಲಾಸಿನಲ್ಲಿ ಯಾವ ಮೇಷ್ಟ್ರೂ ಹೇಳಿಕೊಟ್ಟಿರಲಾರದ ಒಂದು ಮಾತು.

‘ಇವಳು ಮುಚ್ಚಲು ಮರೆಯುತ್ತಾಳೆ. ದಿನಾ ಸಂಜೆ ನೋಡಿ ಮುಚ್ಚುವುದು.’

ಮೂರು ವರ್ಷದಲ್ಲಿ ನಾನು ಒಂದೇ ಒಂದು ಸಲ ಮರೆತೆ ಎಂದುಕೊಂಡಿದ್ದೆ. ಎಷ್ಟು ಸಲ ಮರೆತಿದ್ದೆನೋ! ಪ್ರತಿ ಸಂಜೆ ಆ ಕೈ ನನ್ನ ಹಿಂದೆ ಬಂದು ಮುಚ್ಚಿ ಹೋಗುತ್ತಿತ್ತು. ಅವರು ಶ್ರೀರಾಂಪುರದಲ್ಲಿದ್ದ ನಾಲ್ಕು ದಿನ ಮಾತ್ರ ಮುಚ್ಚುವವರು ಇರಲಿಲ್ಲ. ಬೀರುವಿನ ಮುಂದೆ ನೆಲದ ಮೇಲೆ ಕೂತು ತುಂಬಾ ಹೊತ್ತು ಅಳುತ್ತಿದ್ದೆ. ಆಮೇಲೆ ನೋಟುಬುಕ್ಕನ್ನು ಅವರ ಸೀರೆಗಳ ಕೆಳಗೆ, ಇದ್ದ ಹಾಗೇ ಇಟ್ಟೆ.