ಅಪ್ಪ ತೆಗೆಯದ ಗೇಟು

ನಮ್ಮಪ್ಪ ಗುಬ್ಬಿ ಹತ್ತಿರದ ಒಂದು ರೈಲ್ವೆ ಗೇಟಿನಲ್ಲಿ ಗೇಟ್‌ಮನ್ ಆಗಿದ್ದರು. ಸ್ಟೇಷನ್ನಿನಿಂದ ಫೋನ್ ಬಂದರೆ ಗೇಟು ಹಾಕಬೇಕು, ಗಾಡಿ ಹೋದ ಮೇಲೆ ತೆಗೆಯಬೇಕು. ಇಷ್ಟೇ ಕೆಲಸಕ್ಕೆ ಊರನ್ನೆಲ್ಲ ಎದುರುಹಾಕಿಕೊಂಡಿದ್ದರು. ಸೈಕಲ್ ಬಗ್ಗಿಸಿ ನುಸುಳಲು ಬಂದವರಿಗೆ, "ಅಷ್ಟು ಅವಸರ ಇದ್ರೆ ನಿನ್ನೆನೇ ಹೊರಡ್ಬೇಕಿತ್ತು ಕಣ್ಲಾ" ಅನ್ನುತ್ತಿದ್ದರು. ಒಮ್ಮೆ ಮದುವೆ ದಿಬ್ಬಣವನ್ನೇ ನಿಲ್ಲಿಸಿ, ಮುಹೂರ್ತ ಮೀರುತ್ತದೆಂದು ಎಗರಾಡಿದ ಗಂಡಿನ ಸೋದರಮಾವನಿಗೆ ಬೀಡಿ ಕೊಟ್ಟು ಕೂರಿಸಿದ್ದರಂತೆ. ಮನೆಯಲ್ಲಿ ಮಾತ್ರ ನಾನು ಕೇಳಿದ್ದಕ್ಕೆ ಇಲ್ಲ ಅಂದವರಲ್ಲ. ಒಬ್ಬಳೇ ಮಗಳನ್ನು ತಲೆ ಮೇಲೆ ಕೂರಿಸಿಕೊಂಡಿದ್ದಾರೆ ಎಂದು ಅಮ್ಮ ಗೊಣಗುತ್ತಿದ್ದಳು.

ತೊಂಬತ್ತರ ದಶಕದ ನಡುವೆ, ಕುಣಿಗಲ್ಲಿನ ಗಂಡನ ಮನೆಯಿಂದ ಮೊದಲ ಹೆರಿಗೆಗೆ ತವರಿಗೆ ಬಂದಿದ್ದೆ. ಒಂದು ಮಧ್ಯಾಹ್ನ ದಿನ ತುಂಬುವ ಮೊದಲೇ ನೋವು ಬಂತು. "ಕೂಸು ಅಡ್ಡಡ್ಡ ಐತೆ, ತುಮಕೂರಿಗೆ ಹೊರಡಿ" ಎಂದು ಊರಿನ ನರ್ಸಮ್ಮ ಕೈಚೆಲ್ಲಿದಳು. ತುಮಕೂರು ರಸ್ತೆ ಸೇರಲು ಅಪ್ಪನ ಗೇಟು ದಾಟಲೇಬೇಕು. ನಮ್ಮ ಆಟೋ ಹೋಗಿ ನಿಂತಾಗ ಗೇಟು ಹಾಕಿತ್ತು. ಅಪ್ಪ ಹಸಿರು ಬಾವುಟ ಹಿಡಿದು, ನಮಗೆ ಬೆನ್ನು ಮಾಡಿ ಹಳಿ ನೋಡುತ್ತ ನಿಂತಿದ್ದರು.

ಅಮ್ಮ ಇಳಿದು ಓಡಿ ಗೇಟನ್ನು ಬಡಿದಳು. "ಏನ್ರೀ, ಮಗಳ ಜೀವ ಹೋಗ್ತೈತೆ, ತೆಗೀರಿ!"

"ಗಾಡಿ ಬಿಟ್ಟವ್ರೆ. ತೆಗೆಯಂಗಿಲ್ಲ" ಅಂದರು ಅಪ್ಪ, ತಿರುಗದೆಯೇ.

"ಅಪ್ಪಾ" ಎಂದು ನಾನೂ ಕೂಗಿದೆ. ಆಗಲೂ ತಿರುಗಲಿಲ್ಲ. ಗೂಡ್ಸ್ ಗಾಡಿ ಮೇದು ಮನೆಗೆ ಬರುವ ಎಮ್ಮೆಯಂತೆ ನಿಧಾನವಾಗಿ ಸಾಗಿತು. ಅಷ್ಟು ಹೊತ್ತೂ ನಾನು ಅಪ್ಪನ ಖಾಕಿ ಬೆನ್ನನ್ನೇ ನೋಡುತ್ತಿದ್ದೆ.

ತುಮಕೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಮಗಳನ್ನು ತೆಗೆದರು. ಇಬ್ಬರೂ ಬದುಕಿದೆವು. ಮರುದಿನ ಡ್ಯೂಟಿ ಮುಗಿಸಿ ಕಿತ್ತಳೆ ಹಣ್ಣಿನ ಚೀಲ ಹಿಡಿದು ಬಂದ ಅಪ್ಪನನ್ನು ಅಮ್ಮ ವಾರ್ಡಿನ ಬಾಗಿಲಲ್ಲೇ ತಡೆದಳು. "ಗೇಟು ಹಾಕೈತೆ, ಹೊರಗೇ ನಿಂತ್ಕಳಿ!" ಅವರು ನಿಜವಾಗಿಯೂ ಮಧ್ಯಾಹ್ನದವರೆಗೆ ಹೊರಗೇ ನಿಂತಿದ್ದರು.

ಮೊಮ್ಮಗಳೆಂದರೆ ಅವರಿಗೆ ಪ್ರಾಣ. ಅವಳು ಕೈ ತೋರಿಸಿದರೆ ನನ್ನ ಬೀಗ ಹಾಕಿದ ಟ್ರಂಕನ್ನೂ ತೆಗೆದುಕೊಡುತ್ತಿದ್ದರು. ನನಗೆ ಅದನ್ನು ಕಂಡರೆ ಉರಿಯುತ್ತಿತ್ತು. "ನಿಮ್ಮ ತಾತನಿಗೆ ನನಗಿಂತ ಗೂಡ್ಸ್ ಗಾಡಿನೇ ಹೆಚ್ಚು" ಎಂದು ಮಗಳ ಮುಂದೆ ಎಷ್ಟು ಸಲ ಚುಚ್ಚಿದ್ದೇನೋ! ಅಪ್ಪ ನಕ್ಕುಬಿಡುತ್ತಿದ್ದರು. ನೆನೆದರೆ ಈಗ ನಾಚಿಕೆಯಾಗುತ್ತದೆ.

ಅಮ್ಮ ತೀರಿಕೊಂಡ ಮೇಲೆ, ರಿಟೈರಾಗಿದ್ದ ಅಪ್ಪನನ್ನು ಕುಣಿಗಲ್ಲಿಗೆ ಕರೆತಂದೆ. ಆಗ ಅಲ್ಲಿಗೆ ರೈಲಿರಲಿಲ್ಲ. "ಇದೆಂಥಾ ಊರವ್ವ, ಒಂದು ಗಾಡಿನೂ ಇಲ್ಲ" ಎಂದು ರೇಗಿಸುತ್ತಿದ್ದರು. ಅವರೆಕಾಯಿ ಕಾಲದ ಒಂದು ಸಂಜೆ ಮೂವರೂ ಕೂತು, ನೆನೆಹಾಕಿದ ಕಾಳು ಹಿತುಕುತ್ತಿದ್ದೆವು. ಎಂಟು ವರ್ಷದ ಮಗಳು ಇದ್ದಕ್ಕಿದ್ದಂತೆ ಕೇಳಿದಳು.

"ತಾತ, ಅವತ್ತು ಅಮ್ಮ ಅಷ್ಟು ಕೂಗಿದ್ರೂ ಯಾಕೆ ತಿರುಗಿ ನೋಡ್ಲಿಲ್ಲ?"

ಅಪ್ಪ ಕಾಳಿನಿಂದ ಕಣ್ಣೆತ್ತಲಿಲ್ಲ.

"ನೋಡಿದ್ರೆ ಗೇಟು ತೆಗೆದ್ಬುಡ್ತಿದ್ದೆ ಕಣವ್ವ. ಗಾಡಿ ಆಗ್ಲೇ ಹತ್ರಕ್ಕೆ ಬಂದ್ಬುಟ್ಟಿತ್ತು."

ತಪ್ಪಾಯ್ತಪ್ಪ ಅನ್ನಬೇಕಿತ್ತು. ಅದಾದ ಮೇಲೆ ಅವರು ಇನ್ನೂ ಮೂರು ವರ್ಷ ನಮ್ಮೊಂದಿಗಿದ್ದರು, ಆಗಲೂ ಅನ್ನಲಿಲ್ಲ. ಆ ಸಂಜೆ ನಾನು ಅಂದದ್ದು, "ಏಳಪ್ಪ, ಊಟಕ್ಕೆ ಹೊತ್ತಾಯ್ತು" ಅಂತ, ಅಷ್ಟೇ.